ಅನ್ನಕ್ಕೆ ಮೊದಲು ಬಂದ ಮಜ್ಜಿಗೆ

ಹೆಂಗಸು ಒಬ್ಬಳೇ ಹೋಟೆಲಿಗೆ ಹೋಗಿ ಕಾಫಿ ಕುಡಿಯುವುದಕ್ಕೆ ಧೈರ್ಯ ಬೇಕು ಎಂದು ನನಗೆ ಯಾರೂ ಹೇಳಿರಲಿಲ್ಲ, ಆದ್ದರಿಂದ ಹೋಗುತ್ತಿದ್ದೆ. ಅರವತ್ತರ ದಶಕದ ಅಹಮದಾಬಾದು. ನಾನು ಮೈಸೂರಿನಲ್ಲಿ ಬಿ.ಎಸ್ಸಿ. ಮುಗಿಸಿ, ಹತ್ತಿಯ ನೂಲು ಪರೀಕ್ಷೆ ಮಾಡುವ ಒಂದು ಲ್ಯಾಬಿನಲ್ಲಿ ಕೆಲಸಕ್ಕೆ ಸೇರಿದ್ದೆ. ನೂಲಿನ ಎಳೆಯನ್ನು ಯಂತ್ರಕ್ಕೆ ಸಿಕ್ಕಿಸಿ ಅದು ಹರಿಯುವ ತನಕ ಎಳೆಯುವುದು, ಎಷ್ಟು ಭಾರಕ್ಕೆ ಹರಿಯಿತು ಎಂದು ಬರೆದಿಡುವುದು, ಇದು ಕೆಲಸ. ಲ್ಯಾಬು ನದಿಯಾಚೆ, ವಸ್ತ್ರಾಪುರದ ಕಡೆ ಹೋಗುವ ದಾರಿಯಲ್ಲಿತ್ತು. ಆಗ ಆ ಕಡೆಯೆಲ್ಲ ಹೊಲ, ಬೇವಿನ ಮರ, ಎಮ್ಮೆ. ಸಂಜೆ ಬಸ್ಸು ಹತ್ತಿ ಸೇತುವೆ ದಾಟಿ ಊರೊಳಗೆ ಬಂದರೆ ಮಾತ್ರ ಮನುಷ್ಯರು ಸಿಗುತ್ತಿದ್ದರು.

ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿ ವಾಸ. ಅಲ್ಲಿಯ ಊಟದ ಬಗ್ಗೆ ನನಗೆ ಒಳ್ಳೆಯ ಮಾತು ಹೊರಡುವುದಿಲ್ಲ. ಬೇಳೆಗೆ ಬೆಲ್ಲ, ಪಲ್ಯಕ್ಕೆ ಸಕ್ಕರೆ, ಉಪ್ಪಿನಕಾಯಿಗೂ ಬೆಲ್ಲ. ಮೊದಲ ತಿಂಗಳು ಯಾರೋ ನನ್ನ ಮೇಲೆ ಹಗೆ ಸಾಧಿಸುತ್ತಿದ್ದಾರೆ ಎಂದೇ ತಿಳಿದಿದ್ದೆ. ಊರಿಡೀ ಹಾಗೇ ಉಣ್ಣುತ್ತದೆ, ಸಂತೋಷವಾಗಿ ಉಣ್ಣುತ್ತದೆ ಎಂದು ಗೊತ್ತಾದ ಮೇಲೆ ಸಿಟ್ಟು ಯಾರ ಮೇಲೆ ಮಾಡಬೇಕೆಂದು ತಿಳಿಯದೆ ಸುಮ್ಮನಾದೆ.

ಭದ್ರ ಕೋಟೆಯ ಹತ್ತಿರ ಒಂದು ಉಡುಪಿ ಹೋಟೆಲು ಇತ್ತು. ಕುಂದಾಪುರದ ಕಡೆಯವರು ನಡೆಸುತ್ತಿದ್ದರು. ನಾನು ಮೊದಲ ಸಲ ಹೋದಾಗ ಗಲ್ಲಾದ ಮೇಲೆ ಕೂತಿದ್ದ ಮಾಲೀಕರು ನನ್ನ ಹಿಂದೆ ಬಾಗಿಲ ಕಡೆ ನೋಡಿದರು. ನಾನು ಕನ್ನಡದಲ್ಲಿ ಕಾಫಿ ಕೇಳಿದೆ.

"ಒಬ್ಬರೆಯಾ? ಹಿಂದಿನಿಂದ ಯಾರಾದ್ರೂ ಬರ್ಲಿಕ್ಕುಂಟಾ?"

"ಯಾರೂ ಬರಲ್ಲ. ಕಾಫಿ ಒಂದು ಕೊಡಿ."

ಅವರು ಹಸಿರು ಪರದೆ ಬಿಟ್ಟಿದ್ದ ಮರದ ಗೂಡನ್ನು ತೋರಿಸಿದರು. ಅದರ ಮೇಲೆ ಫ್ಯಾಮಿಲಿ ರೂಮ್ ಎಂದು ಬರೆದಿತ್ತು. ನನ್ನ ಜೊತೆ ಯಾವ ಫ್ಯಾಮಿಲಿಯೂ ಇಲ್ಲ, ನಾನು ಇಲ್ಲೇ ಕೂರುತ್ತೇನೆ ಎಂದು ನಡುವಿನ ಮೇಜಿಗೆ ಹೋಗಿ ಕೂತೆ. ಸುತ್ತಲಿನ ಗಂಡಸರು ಇಡ್ಲಿ ಬಿಟ್ಟು ನನ್ನನ್ನು ನೋಡಿದರು. ಮಾರನೆಯ ದಿನವೂ ಅಲ್ಲೇ ಕೂತೆ. ಮೂರನೆಯ ದಿನ ಪರದೆಯ ಒಳಗೆ ಫ್ಯಾನು ಇನ್ನೂ ಜೋರಾಗಿ ತಿರುಗುತ್ತದೆ ಎಂದು ಕಂಡುಕೊಂಡು ಒಳಗೆ ಹೋದೆ. ನಾನು ದಾರಿಗೆ ಬಂದೆ ಎಂದು ಮಾಲೀಕರಿಗೆ ಸಮಾಧಾನವಾಯಿತು. ನನಗೆ ಗಾಳಿ ಸಿಕ್ಕಿತು.

ಕಾಫಿ ಚೆನ್ನಾಗಿತ್ತು ಎಂದು ಎಲ್ಲ ದಿನವೂ ಹೇಳಲಾರೆ. ಆ ಊರಿನವರೆಲ್ಲ ಚಹಾ ಕುಡಿಯುವವರು. ಬೆಳಿಗ್ಗೆ ಇಳಿಸಿದ ಡಿಕಾಕ್ಷನ್ನು ಕೇಳುವವರಿಲ್ಲದೆ ಮಧ್ಯಾಹ್ನದವರೆಗೂ ಹಿತ್ತಾಳೆ ಫಿಲ್ಟರಿನಲ್ಲಿ ಕೂತಿರುತ್ತಿತ್ತು. ಆದರೆ ಸಂಜೆ ಮಾಲೀಕರಿಗೆ ತಮ್ಮ ಸ್ವಂತ ಕಾಫಿ ಬೇಕು ಅನ್ನಿಸುವ ಒಂದು ಹೊತ್ತಿತ್ತು. ಆಗ ಹೊಸದಾಗಿ ಪುಡಿ ಹಾಕಿಸುತ್ತಿದ್ದರು. ಆ ಹೊತ್ತಿಗೆ ಹೋದರೆ ಲೋಟ ಬಟ್ಟಲಿನಲ್ಲಿ ನೊರೆಯೇರಿದ, ಬಾಯಿ ಸುಡುವ, ಅಪ್ಪಟ ನಮ್ಮೂರಿನ ಕಾಫಿ. ಅದನ್ನು ಕುಡಿದು ಹೊರಗೆ ಬಂದರೆ ಅಹಮದಾಬಾದು ಅಷ್ಟೇನೂ ಕೆಟ್ಟ ಊರಲ್ಲ ಅನ್ನಿಸುತ್ತಿತ್ತು.

ಲ್ಯಾಬಿನಲ್ಲಿ ಯಂತ್ರಗಳನ್ನು ನೋಡಿಕೊಳ್ಳುತ್ತಿದ್ದ ಎಂಜಿನಿಯರ್ ಒಬ್ಬರು ಸೂರತ್ತಿನವರು. ಹೆಸರು ಇಲ್ಲಿ ಬೇಡ, ಸೂರತ್ತಿನವರು ಎಂದೇ ಕರೆಯುತ್ತೇನೆ. ನಾನು ಸಂಜೆ ಎಲ್ಲಿಗೆ ಮಾಯವಾಗುತ್ತೇನೆ ಎಂದು ಅವರು ಒಂದು ದಿನ ಕೇಳಿದರು. ಹೇಳಿದೆ. ಮರುದಿನ ಅವರೂ ಬಂದರು. ಹೋಟೆಲಿನ ಸಪ್ಲಯರ್ ನಮ್ಮಿಬ್ಬರನ್ನೂ ನೋಡಿ, ಹಿಂದೆಮುಂದೆ ಯೋಚಿಸದೆ, ಹಸಿರು ಪರದೆ ಎತ್ತಿ "ಫ್ಯಾಮಿಲಿ, ಎರಡು ಕಾಫಿ" ಎಂದು ಅಡುಗೆಮನೆಗೆ ಕೂಗಿದ. ನಮ್ಮನ್ನು ಹಾಗೆ ಮೊದಲು ಕರೆದವನು ಅವನೇ. ಸೂರತ್ತಿನವರ ಕಿವಿ ಕೆಂಪಾಯಿತು. ನಾನು ಕಾಫಿ ಆರುತ್ತದೆ ಎಂದು ಕುಡಿಯಲು ಹತ್ತಿದೆ.

ಅವರಿಗೆ ನಮ್ಮ ಕಾಫಿಯಲ್ಲಿ ಸುಟ್ಟ ವಾಸನೆ ಬಂದಿತಂತೆ. ಕಾಫಿ ಎಂದರೆ ಹೇಗಿರಬೇಕು ಎಂದು ತೋರಿಸಲು ಮುಂದಿನ ವಾರ ಸೇತುವೆಯ ಹತ್ತಿರದ ಒಂದು ಗುಜರಾತಿ ರೆಸ್ಟೋರೆಂಟಿಗೆ ಕರೆದುಕೊಂಡು ಹೋದರು. ಗಟ್ಟಿ ಹಾಲು, ಹೇರಳ ಸಕ್ಕರೆ, ಮೇಲೆ ಏಲಕ್ಕಿ, ಜಾಯಿಕಾಯಿ. ಕಾಫಿಪುಡಿ ಎಲ್ಲೋ ಶಾಸ್ತ್ರಕ್ಕೆ. ನಮ್ಮಮ್ಮ ಮಗುವಿಗೆ ಹೊಟ್ಟೆನೋವಾದರೆ ಜಾಯಿಕಾಯಿ ತೇಯುತ್ತಾಳೆ, ನೀವು ಅದನ್ನು ದುಡ್ಡು ಕೊಟ್ಟು ಕುಡಿಯುತ್ತೀರಿ ಎಂದೆ. ಅವರು ನಕ್ಕು, ನನ್ನ ಲೋಟವನ್ನೂ ತಾವೇ ಖಾಲಿ ಮಾಡಿದರು. ಹೀಗೆ ಒಬ್ಬರ ಊಟವನ್ನು ಒಬ್ಬರು ಆಡಿಕೊಳ್ಳುತ್ತಲೇ ಆ ಊರಿನ ಅರ್ಧ ಹೋಟೆಲುಗಳನ್ನು ನೋಡಿದೆವು. ಪರದೆಯಿರುವ ಕಡೆಯೆಲ್ಲ ನಾವು ಫ್ಯಾಮಿಲಿಯೇ. ಇಬ್ಬರಿಗೂ ಮದುವೆಯ ಯೋಚನೆ ಬಂದದ್ದು ಯಾವಾಗ ಎಂದು ಈಗ ನೆನಪಿಲ್ಲ. ಬಂದಿತ್ತು, ಅಷ್ಟು ನಿಜ.

ಆಮೇಲೆ ಅವರಿಗೆ ಬರೋಡಾದಲ್ಲಿ, ಈಗಿನ ವಡೋದರಾದಲ್ಲಿ, ಮಕರಪುರದ ಕಡೆ ಒಂದು ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತು. ಆ ಚಳಿಗಾಲದಲ್ಲಿ ಲ್ಯಾಬಿನ ಕೆಲಸದ ಮೇಲೆ ನಾನು ಒಂದು ದಿನ ಸೂರತ್ತಿಗೆ ಹೋಗಬೇಕಾಯಿತು. ಅವರೂ ಬಂದು, ತಾಪಿ ನದಿಯ ದಂಡೆಗೆ ಕರೆದುಕೊಂಡು ಹೋದರು. ಅಲ್ಲಿ ಜೋಳದ ಎಳೆಯ ತೆನೆಗಳನ್ನು ಬೂದಿಯಲ್ಲಿ ಸುಟ್ಟು, ಬಟ್ಟೆಯ ಚೀಲದಲ್ಲಿ ಹಾಕಿ ಕೋಲಿನಿಂದ ಬಡಿದು, ಹಸಿರು ಕಾಳು ಬಿಡಿಸಿ ಕೊಡುತ್ತಾರೆ. ಜೊತೆಗೆ ನಿಂಬೆ, ಮೆಣಸು ಹಾಕಿದ ಸೇವು. ಗುಜರಾತಿನಲ್ಲಿ ಮೊದಲ ಸಲ ಸಕ್ಕರೆ ಹಾಕದ ತಿಂಡಿಯೊಂದನ್ನು ತಿಂದೆ. ಇನ್ನಷ್ಟು ಬೇಕು ಎಂದು ಬಾಯಿಬಿಟ್ಟು ಕೇಳಿದೆ.

ಅಲ್ಲಿಗೇ ಅವರ ತಂದೆ ಬಂದರು. ಸೀರೆಯ ಅಂಚಿಗೆ ನೇಯುವ ಜರಿಯ ಎಳೆ ತಯಾರಿಸುವ ಸಣ್ಣ ಕಾರ್ಖಾನೆ ಅವರದು. ಹೆಂಡತಿ ತೀರಿಕೊಂಡು ವರ್ಷಗಳಾಗಿದ್ದವು. ದೊಡ್ಡ ಮೈ, ದೊಡ್ಡ ಕೈ, ಬಿಳಿ ಟೋಪಿ. ನನ್ನ ಮುಂದೆ ನಿಂತು, ಕೈಯಲ್ಲಿದ್ದ ಪೆಟ್ಟಿಗೆ ಬಿಚ್ಚಿ, ಘಾರಿ ಎಂಬ ತುಪ್ಪ ಮೆತ್ತಿದ ಖೋವಾದ ಸಿಹಿಯನ್ನು ಮುರಿದು, ಒಂದು ಮಾತೂ ಆಡದೆ ನನ್ನ ಬಾಯಿಗೇ ಇಟ್ಟರು. ನಾನು ಬೆಚ್ಚಿಬಿದ್ದೆ. ನಮ್ಮ ಮನೆಯಲ್ಲಿ ಇನ್ನೊಬ್ಬರ ಬೆರಳು ತುಟಿಗೆ ತಾಗುವುದು ಎಂದರೆ ಅದಕ್ಕಿಂತ ದೊಡ್ಡ ಎಂಜಲು ಇಲ್ಲ. ಆದರೆ ಬಾಯಿ ತುಂಬಿದ್ದರಿಂದ ಏನೂ ಹೇಳಲಾಗಲಿಲ್ಲ, ನುಂಗಿದೆ. ಅವರಲ್ಲಿ ಬೇಕಾದವರಿಗೆ ಹಾಗೆ ಬಾಯಿಗೇ ಸಿಹಿ ಕೊಡುತ್ತಾರೆ, ಕೊಟ್ಟರೆ ಒಪ್ಪಿಗೆಯಾಯಿತು ಎಂದು ಸೂರತ್ತಿನವರು ಆಮೇಲೆ ಹೇಳಿದರು. ಹೀಗೆ ಒಂದು ಕಡೆಯ ಒಪ್ಪಿಗೆ ನದಿಯ ದಂಡೆಯಲ್ಲೇ ಮುಗಿದುಹೋಯಿತು.

ಉಳಿದದ್ದು ನಮ್ಮಪ್ಪ.

ಅಪ್ಪ ಅರಸೀಕೆರೆಯಲ್ಲಿ ತಾಲ್ಲೂಕು ಕಚೇರಿಯ ಹೆಡ್ ಗುಮಾಸ್ತರಾಗಿದ್ದು ನಿವೃತ್ತರಾದವರು. ಮೈಸೂರು ಸೀಮೆಯ ಆಚೆ ಕಾಲಿಟ್ಟವರಲ್ಲ. ಲೋಟವನ್ನು ಎಂದೂ ತುಟಿಗೆ ತಾಗಿಸುತ್ತಿರಲಿಲ್ಲ. ಕುದಿಯುವ ಕಾಫಿಯನ್ನೂ ಎತ್ತಿಯೇ ಕುಡಿಯುತ್ತಿದ್ದರು. ಹೌದು, ಅಲ್ಲ ಎಂಬ ಮಾತುಗಳನ್ನು ಅವರ ಬಾಯಿಂದ ಹೊರಡಿಸುವುದು ಕಷ್ಟ. ಅಕ್ಕನಿಗೆ ಗಂಡು ನೋಡುವಾಗ ಮೊದಲ ಮನೆಗೆ ಹೋಗಿಬಂದು ಕಾಲು ತೊಳೆದು ಸುಮ್ಮನೆ ಕೂತರು. ಅಮ್ಮ ಮತ್ತೆ ಆ ಮನೆಯ ವಿಷಯ ಎತ್ತಲಿಲ್ಲ. ಎರಡನೆಯ ಮನೆಗೆ ಹೋಗಿಬಂದು "ಊಟ ಚೆನ್ನಾಗಿತ್ತು" ಎಂದರು. ಅಮ್ಮ ಪಂಚಾಂಗ ತೆಗೆದಳು. ನಮ್ಮ ಮನೆಯಲ್ಲಿ ಒಪ್ಪಿಗೆ ಎಂದರೆ ಆ ಎರಡು ಮಾತು. ಅದನ್ನು ಅವರು ಒಮ್ಮೆ ಹೇಳುತ್ತಿದ್ದರು, ಎರಡನೆಯ ಸಲ ಹೇಳಿದ್ದು ಯಾರೂ ಕೇಳಿಲ್ಲ.

ನನ್ನ ವಿಷಯ ಊರಿನಲ್ಲಿ ಗೊತ್ತಾದಾಗ ಏನೇನಾಯಿತು ಎಂದು ಬರೆಯುವುದಿಲ್ಲ. ಅಮ್ಮ ಅತ್ತಳು, ಅಕ್ಕ ಮಾತು ಬಿಟ್ಟಳು. ಅಪ್ಪ ಮಾತ್ರ ಬೇಸಗೆಯಲ್ಲಿ ರೈಲು ಹತ್ತಿ, ಬೊಂಬಾಯಿಯಲ್ಲಿ ಗಾಡಿ ಬದಲಿಸಿ, ಅಹಮದಾಬಾದಿಗೆ ಬಂದು ಇಳಿದರು. ನೋಡಿಕೊಂಡು ಹೋಗಲು ಬಂದಿದ್ದೇನೆ ಎಂದರು, ಅಷ್ಟೆ. ಅವರು ಬಂದದ್ದೇ ನನಗೆ ಆಶ್ಚರ್ಯ. ಅಪ್ಪ ಬೇಡವೆಂದರೆ ಮೀರಿ ನಡೆಯುವ ಎದೆಗಾರಿಕೆ ನನಗಿರಲಿಲ್ಲ. ಹೋಟೆಲಿನ ನಡುಮೇಜಿನಲ್ಲಿ ಕೂರುವುದು ಬೇರೆ, ಇದು ಬೇರೆ. ಆದ್ದರಿಂದ ನನ್ನ ಇಡೀ ಮುಂದಿನ ಬದುಕು ಆಗ ಒಂದು ಊಟದ ಮೇಲೆ ನಿಂತಿತ್ತು.

ಊಟ ಬರೋಡಾದಲ್ಲಿ ಎಂದು ಗೊತ್ತಾಯಿತು. ಸೂರತ್ತಿಗೂ ಅಹಮದಾಬಾದಿಗೂ ನಡುವೆ, ಯಾರ ಮನೆಯೂ ಅಲ್ಲ. ಸ್ಟೇಷನ್ನಿನಿಂದ ಸ್ವಲ್ಪ ದೂರದಲ್ಲಿ ಒಂದು ಹೆಸರುವಾಸಿ ಡೈನಿಂಗ್ ಹಾಲ್. ಅಡುಗೆಯವರು ಬ್ರಾಹ್ಮಣರು, ಅಲ್ಲಿ ಅವರನ್ನು ಮಹಾರಾಜ್ ಎಂದು ಕರೆಯುತ್ತಾರೆ ಎಂದು ಅಪ್ಪನಿಗೆ ಮೊದಲೇ ಹೇಳಿದ್ದೆ. ಬೇಳೆ ಸಿಹಿ ಇರುತ್ತದೆ ಎಂದೂ, ಎಲೆಯಿಲ್ಲ ತಟ್ಟೆ ಎಂದೂ ಹೇಳಿದ್ದೆ. ಅಪ್ಪನ ಬಾಯಿಗೆ ಸಿಹಿ ಇಡುವುದು ಬೇಡ ಎಂದು ನಾನು ಸೂರತ್ತಿನವರಿಗೆ ಹೇಳಿ, ಅವರು ತಮ್ಮ ತಂದೆಗೆ ಹೇಳಿ, ತಂದೆ ಆಗಲಿ ಎಂದಿದ್ದರು. ಇನ್ನೇನೂ ತಪ್ಪುವ ಹಾಗಿಲ್ಲ ಎಂದು ನಾನು ತಿಳಿದಿದ್ದೆ.

ಹೊರಗೆ ಬಿಸಿಲು ಧಗಧಗ ಎನ್ನುತ್ತಿತ್ತು. ಒಳಗೆ ಉದ್ದದ ಮೇಜುಗಳು, ಗೋಡೆಗೆಲ್ಲ ಕನ್ನಡಿ. ಅಪ್ಪ ಮತ್ತು ಸೂರತ್ತಿನವರ ತಂದೆ ಜರಿ ಯಜಮಾನರು ಅಕ್ಕಪಕ್ಕ, ನಾವಿಬ್ಬರು ಎದುರಿಗೆ. ಅಪ್ಪನಿಗೆ ಹಿಂದಿ ಬಾರದು, ಯಜಮಾನರಿಗೆ ಇಂಗ್ಲಿಷು ಬಾರದು. ಇಬ್ಬರೂ ಕೈಮುಗಿದು ನಕ್ಕರು. ಬಡಿಸುವವರು ತಟ್ಟೆಯ ತುಂಬ ಬಟ್ಟಲು ಜೋಡಿಸಿದರು. ಎರಡು ಪಲ್ಯ, ಒಂದು ಕಾಳಿನ ಗೊಜ್ಜು, ಬೇಳೆ, ಕಡಲೆಹಿಟ್ಟಿನ ಸಿಹಿ. ಆಮೇಲೆ ತುಪ್ಪ ಸವರಿದ ಫುಲ್ಕಾ, ಕಾಗದದ ಹಾಗೆ ತೆಳ್ಳಗೆ. ಅಪ್ಪ ತಟ್ಟೆಯ ಸುತ್ತ ನೀರು ಸುತ್ತಿ, ಕಣ್ಣು ಮುಚ್ಚಿ, ಉಣ್ಣಲು ಆರಂಭಿಸಿದರು. ಎರಡು ಫುಲ್ಕಾ ಮುಗಿಸಿದರು. ನಾನು ಅವರ ಮುಖವನ್ನೇ ನೋಡುತ್ತಿದ್ದೆ. ಕೆಟ್ಟದ್ದೇನೂ ಕಾಣಲಿಲ್ಲ.

ಅಷ್ಟರಲ್ಲಿ ಜರಿ ಯಜಮಾನರಿಗೆ ಉತ್ಸಾಹ ಬಂತು. ಮಗ ಹೇಳಿದ್ದೆಲ್ಲ ಮರೆತುಹೋಗಿ, ತಮ್ಮ ತಟ್ಟೆಯ ಸಿಹಿಯನ್ನು ಮುರಿದು ಅಪ್ಪನ ಬಾಯಿಯ ಹತ್ತಿರ ಕೈ ಒಯ್ದರು. ಅಪ್ಪ ಮುಖ ತಿರುಗಿಸಿಬಿಟ್ಟರು. ಬೇಕೆಂದು ಮಾಡಿದ್ದಲ್ಲ, ನೊಣ ಬಂದರೆ ತಿರುಗಿಸುವ ಹಾಗೆ ತಿರುಗಿತು. ಯಜಮಾನರ ಕೈ ಗಾಳಿಯಲ್ಲಿ ನಿಂತಿತು. ಅವರು ಅದನ್ನು ಹಾಗೇ ತಮ್ಮ ತಟ್ಟೆಗೆ ಇಳಿಸಿ, ಬಡಿಸುವವನ ಕಡೆ ತಿರುಗಿ, ಬೇಗ ಮಜ್ಜಿಗೆ ತಾ ಎಂದು ಗುಜರಾತಿಯಲ್ಲಿ ಜೋರಾಗಿ ಹೇಳಿದರು. ಅವನು ಓಡಿಹೋಗಿ ಸ್ಟೀಲಿನ ಕೊಡಪಾನ ತಂದು ಅಪ್ಪನ ಲೋಟಕ್ಕೆ ಮಜ್ಜಿಗೆ ಹೊಯ್ದ.

ಅಪ್ಪ ಆ ಲೋಟವನ್ನೇ ಸ್ವಲ್ಪ ಹೊತ್ತು ನೋಡಿದರು. ಎತ್ತಿ ಒಂದೇ ಸಲಕ್ಕೆ ಕುಡಿದರು. ಲೋಟ ಕೆಳಗಿಟ್ಟು, ಬಲಗೈಯನ್ನು ತಟ್ಟೆಯ ಮೇಲೆ ಅಡ್ಡ ಹಿಡಿದು, ಎದ್ದೇಳುವುದಕ್ಕೆ ಎಲ್ಲರೂ ಸಿದ್ಧರಾಗಲಿ ಎಂದು ಕಾಯುವವರಂತೆ ಕೂತರು. ಅಂಥ ಕಡೆಗಳಲ್ಲಿ ಬೇಡ ಎಂದರೆ ಇನ್ನಷ್ಟು ಹಾಕು ಎಂದೇ ಅರ್ಥ. ಬಡಿಸುವವನು ಬಿಸಿ ಫುಲ್ಕಾವನ್ನು ಅಪ್ಪನ ಅಡ್ಡಗೈಯ ಬೆರಳ ಸಂದಿಯಿಂದ ತೂರಿಸಿ ನಗುತ್ತಾ ಹೋದ. ಅಪ್ಪ ಅದನ್ನು ಮುಟ್ಟಲಿಲ್ಲ. ಯಜಮಾನರು ಇನ್ನೊಂದು ಸಲ ಕೈಸನ್ನೆಯಲ್ಲಿ ಒತ್ತಾಯ ಮಾಡಿದರು. ಅಪ್ಪ ಕೈಮುಗಿದರು. ಆಗ ಯಜಮಾನರೂ ತುತ್ತನ್ನು ಕೆಳಗಿಟ್ಟರು. ಅವರ ದೊಡ್ಡ ಮುಖ ಸಣ್ಣದಾಯಿತು.

ಅತಿಥಿ ಊಟ ನಿಲ್ಲಿಸಿದ ಮೇಲೆ ಉಳಿದವರು ಉಣ್ಣುವುದು ಹೇಗೆ? ಎಲ್ಲರೂ ಎದ್ದೆವು. ಅಂಗಳದಲ್ಲಿ ಕೈ ತೊಳೆದುಕೊಳ್ಳುವಾಗ ಸೂರತ್ತಿನವರು ನನ್ನ ಹತ್ತಿರ ಬಂದು ಏನಾಯಿತು ಎಂದು ಕೇಳಿದರು. ಸಿಹಿಯ ವಿಷಯಕ್ಕೆ ಅಪ್ಪನಿಗೆ ಬೇಸರವಾಗಿದೆ ಎಂದೆ. ನಮ್ಮ ಜೊತೆ ಕೂತು ಉಣ್ಣಲು ಅವರಿಗೆ ಮನಸ್ಸಿಲ್ಲ ಎಂದು ನಮ್ಮ ಬಾಪುಜಿ ತಿಳಿದಿದ್ದಾರೆ ಎಂದರು. ಅಪ್ಪನನ್ನು ಕರೆದುಕೊಂಡು ಹೊರಡು, ನಾನು ಆಮೇಲೆ ನೋಡುತ್ತೇನೆ ಎಂದರು. ಆಮೇಲೆ ಎಂಬುದು ಇರುವುದಿಲ್ಲ ಎಂದು ಇಬ್ಬರಿಗೂ ಗೊತ್ತಿತ್ತು. ನನಗೆ ಅಪ್ಪನ ಮೇಲೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಒಂದು ತುಂಡು ಸಿಹಿಗೆ ಇಷ್ಟು ಮಾಡಬೇಕೇ ಎಂದು ಟಾಂಗಾದಲ್ಲಿ ಕೂತು ಸ್ಟೇಷನ್ನಿನವರೆಗೂ ಮನಸ್ಸಿನಲ್ಲೇ ಜಗಳವಾಡಿದೆ.

ನಮ್ಮ ಗಾಡಿಗೆ ಇನ್ನೂ ಹೊತ್ತಿತ್ತು. ಸ್ಟೇಷನ್ನಿನ ಎದುರಿಗೆ ಒಂದು ಸಣ್ಣ ಉಡುಪಿ ಹೋಟೆಲು. ಅಪ್ಪ ಅದರ ಬೋರ್ಡು ನೋಡಿ, ನನ್ನನ್ನು ಕೇಳದೆ ಒಳಗೆ ನಡೆದರು. ಗಲ್ಲಾದಲ್ಲಿದ್ದವರನ್ನು ಕನ್ನಡದಲ್ಲೇ ಕೇಳಿದರು.

"ಅನ್ನ ಇದೆಯಾ?"

"ಉಂಟು, ಕೂತ್ಕೊಳ್ಳಿ. ಅನ್ನ ಉಂಟು, ಸಾರು ಉಂಟು."

ಅಪ್ಪ ಹಸಿದವರ ಹಾಗೆ ಉಂಡರು. ಸಾರನ್ನ, ಮತ್ತೆ ಸಾರನ್ನ, ಕೊನೆಗೆ ಮಜ್ಜಿಗೆ ಅನ್ನ. ನಾನು ಎದುರಿಗೆ ಕೂತು ನೋಡಿದೆ. ಆಮೇಲೆ ಅವರಿಗೂ ನನಗೂ ಕಾಫಿ ಬಂತು. ನನಗೆ ತಡೆಯಲಾಗಲಿಲ್ಲ.

"ಇಷ್ಟು ಹಸಿವಿದ್ದೋರು ಅಲ್ಲಿ ಯಾಕೆ ಊಟ ಬಿಟ್ಟು ಕೂತ್ರಿ?"

"ನಾನೆಲ್ಲಿ ಬಿಟ್ಟೆ? ಅವರೇ ಮುಗಿಸಿದ್ರಲ್ಲ."

"ಯಾರು ಮುಗಿಸಿದ್ದು?"

"ನೀನೂ ನೋಡಿದ್ಯಲ್ಲೇ. ನಾನು ಮುಖ ತಿರುಗಿಸಿದ್ದು ತಪ್ಪೇ, ಇಲ್ಲ ಅನ್ನಲ್ಲ. ಅದಕ್ಕೆ ಅವರು ಸಿಟ್ಟಾಗಿ ಆಳನ್ನ ಕೂಗಿ ಮಜ್ಜಿಗೆ ಹಾಕಿಸಿದ್ರು. ಅನ್ನಾನೇ ಹಾಕದೆ ಮಜ್ಜಿಗೆ ಹಾಕಿಸಿದ್ರು. ಅದಾದ್ಮೇಲೆ ನಾನು ಕೂತು ಉಣ್ಣಕ್ಕಾಗತ್ಯೇ?"

ನಾನು ಕೈಯಲ್ಲಿದ್ದ ಲೋಟ ಕೆಳಗಿಟ್ಟೆ. ನಮ್ಮ ಕಡೆ ಪಂಕ್ತಿಗೆ ಮಜ್ಜಿಗೆ ಬಂತು ಎಂದರೆ ಊಟ ಮುಗಿಯಿತು, ಇನ್ನು ಏಳಬೇಕು ಎಂದು. ಹುಳಿಯಾಯಿತು, ಸಾರಾಯಿತು, ಸಿಹಿಯಾಯಿತು, ಆಮೇಲೆ ಮಜ್ಜಿಗೆ. ಅದರ ಹಿಂದೆ ಬರುವುದು ಏನೂ ಇಲ್ಲ. ಅನ್ನ ಬಡಿಸುವ ಮೊದಲೇ ಮಜ್ಜಿಗೆ ತಂದು ಸುರಿದರೆ, ಎದ್ದು ನಡಿ ಎಂದು ಕತ್ತು ಹಿಡಿದು ಹೇಳಿದ ಹಾಗೆ. ಗುಜರಾತಿನಲ್ಲಿ ಮಜ್ಜಿಗೆ ಊಟದ ಜೊತೆಗೆ ಕುಡಿಯುವ ನೀರಿದ್ದ ಹಾಗೆ. ಮೊದಲ ತುತ್ತಿಗೂ ಮಜ್ಜಿಗೆ, ಕೊನೆಯ ತುತ್ತಿಗೂ ಮಜ್ಜಿಗೆ. ಅನ್ನ ಬರುವುದು ರೊಟ್ಟಿಯೆಲ್ಲ ಮುಗಿದ ಮೇಲೆ. ಎರಡು ವರ್ಷ ಅಲ್ಲಿ ಉಂಡು ನನಗೆ ಅದು ಎಷ್ಟು ಸಹಜವಾಗಿತ್ತೆಂದರೆ, ಅಪ್ಪನಿಗೆ ಎಲ್ಲ ಹೇಳಿದವಳು ಇದೊಂದನ್ನು ಹೇಳಬೇಕು ಎಂದು ಹೊಳೆದೇ ಇರಲಿಲ್ಲ.

"ಅಪ್ಪ, ಅವರಲ್ಲಿ ಮಜ್ಜಿಗೆ ಮೊದಲಿಂದ್ಲೂ ಕೊಡ್ತಾರೆ. ಬಿಸಿಲಲ್ಲಿ ಬಂದಿದ್ದಾರೆ, ಬೇಗ ಮಜ್ಜಿಗೆ ತನ್ನಿ ಅಂತ ಅವರು ಕೂಗಿದ್ದು. ಸಿಟ್ಟಿಗಲ್ಲ. ನಾನೇ ಕೇಳಿಸಿಕೊಂಡೆ."

"ಅನ್ನ ಇತ್ತಾ?"

"ಇತ್ತು. ಆಮೇಲೆ ಬರ್ತಿತ್ತು."

ಅಪ್ಪ ಕಾಫಿಯನ್ನು ಬಟ್ಟಲಿಗೆ ಹೊಯ್ದು ಮತ್ತೆ ಲೋಟಕ್ಕೆ ಹೊಯ್ದರು. ಕಾಫಿಯ ಹಬೆ ಏಳುತ್ತಿತ್ತು.

"ಅವರು ಯಾಕೆ ಉಣ್ಣದೆ ಎದ್ರು?"

"ನೀವು ನಿಲ್ಲಿಸಿದ್ರಲ್ಲ, ಅದಕ್ಕೆ. ಅವರ ಜೊತೆ ಉಣ್ಣೋಕೆ ನಿಮಗೆ ಇಷ್ಟ ಇಲ್ಲ ಅಂದ್ಕೊಂಡಿದ್ದಾರೆ."

"ಹಾಗಾದ್ರೆ ಆ ಮನುಷ್ಯ ಹಸ್ಕೊಂಡು ಹೋದ್ರು," ಎಂದರು ಅಪ್ಪ. ಯಾರಿಗೋ ಹೇಳಿದ ಹಾಗಿತ್ತು. "ನನ್ನಿಂದ."

ನಮ್ಮಪ್ಪ ನನ್ನ ಮದುವೆಯ ಬಗ್ಗೆ ಯಾವ ವಾದಕ್ಕೂ ಬಗ್ಗಿದವರಲ್ಲ. ಜಾತಿ, ಭಾಷೆ, ಊರು, ನೆಂಟರು ಏನೆನ್ನುತ್ತಾರೆ, ಇವೆಲ್ಲ ನಮ್ಮಿಬ್ಬರ ನಡುವೆ ಹಾಗೇ ಕೂತಿದ್ದವು. ಆದರೆ ಉಣ್ಣುವವರನ್ನು ಎಬ್ಬಿಸುವುದು ಅವರ ಲೆಕ್ಕದಲ್ಲಿ ಬೇರೆಯೇ ಮಾತು. ಅವರು ಎದ್ದುನಿಂತರು. ಅರ್ಧ ಕುಡಿದ ಕಾಫಿ ಮೇಜಿನ ಮೇಲಿತ್ತು. ಅಪ್ಪ ಕಾಫಿ ಬಿಟ್ಟು ಎದ್ದದ್ದನ್ನು ನಾನು ಅದಕ್ಕೆ ಮೊದಲೂ ನೋಡಿರಲಿಲ್ಲ, ಆಮೇಲೂ ನೋಡಲಿಲ್ಲ.

"ಸೂರತ್ತಿನ ಗಾಡಿ ಹೋಗಿಬಿಡ್ತಾ?"

ಹೋಗಿರಲಿಲ್ಲ. ಅದು ಆಚೆಯ ಪ್ಲಾಟ್‌ಫಾರಂ. ಅಪ್ಪ ಪಂಚೆ ಎತ್ತಿ ಹಿಡಿದು ಮೇಲ್ಸೇತುವೆಯ ಮೆಟ್ಟಿಲು ಹತ್ತಿದರು. ಮೊಣಕಾಲು ನೋವು ಎಂದು ಮನೆಯಲ್ಲಿ ಅಟ್ಟ ಹತ್ತದವರು. ನಾನು ಹಿಂದೆ. ಬೆಂಚಿನ ಮೇಲೆ ತಂದೆ ಮಗ ದೂರದೂರ ಕೂತಿದ್ದರು. ಯಜಮಾನರ ಪಕ್ಕದಲ್ಲಿ ಒಂದು ಸಿಹಿಯ ಪೆಟ್ಟಿಗೆ, ದಾರ ಬಿಚ್ಚಿರಲಿಲ್ಲ. ಅಪ್ಪನಿಗೆ ಕೊಡಲೆಂದು ಸೂರತ್ತಿನಿಂದ ತಂದದ್ದು, ಕೊಡದೆ ವಾಪಸು ಹೊರಟಿತ್ತು. ನಮ್ಮನ್ನು ನೋಡಿ ಇಬ್ಬರೂ ಎದ್ದರು.

ಅಪ್ಪ ಯಜಮಾನರ ಎದುರಿಗೆ ನಿಂತು, ಕಚೇರಿಯಲ್ಲಿ ಸಾಹೇಬರ ಮುಂದೆ ನಿಲ್ಲುವಂತೆ ಕೈಕಟ್ಟಿ, ಕನ್ನಡದಲ್ಲೇ ಹೇಳಿದರು. "ನಮ್ಮಲ್ಲಿ ಮಜ್ಜಿಗೆ ಕೊನೇಲಿ ಬರತ್ತೆ. ಅದು ಬಂದ್ಮೇಲೆ ಏಳಬೇಕು. ನೀವು ನನ್ನ ಏಳು ಅಂದ್ರಿ ಅಂದ್ಕೊಂಡೆ. ನನಗೆ ತಿಳೀಲಿಲ್ಲ." ಇಷ್ಟು ಉದ್ದ ಮಾತು ಅವರು ಆಡಿದ್ದು ಅಪರೂಪ. ನಾನು ಅದನ್ನು ನನ್ನ ಹರಕು ಗುಜರಾತಿಯಲ್ಲಿ ಹೇಳಿದೆ. ಯಜಮಾನರು ಅರ್ಥವಾಗದೆ ಮಗನ ಕಡೆ ನೋಡಿದರು. ಸೂರತ್ತಿನವರು ಇನ್ನೊಂದು ಸಲ ಬಿಡಿಸಿ ಹೇಳಿದರು.

ಯಜಮಾನರು ನಗುತ್ತಾರೆ ಎಂದುಕೊಂಡಿದ್ದೆ. ನಗಲಿಲ್ಲ. ಅಪ್ಪನ ಬೆವತ ಮುಖ ನೋಡಿ, "ಹೊಟ್ಟೆ ತಣ್ಣಗಾಗಲಿ ಎಂದು ತರಿಸಿದೆ" ಎಂದರು. ಆಮೇಲೆ ಬೆಂಚಿನ ಮೇಲಿನ ಪೆಟ್ಟಿಗೆಯ ದಾರ ಹರಿದರು. ತುಪ್ಪ ಬಿಸಿಲಿಗೆ ಕರಗಿ ರಟ್ಟಿಗೆಲ್ಲ ಹತ್ತಿತ್ತು. ಒಂದು ಘಾರಿ ತೆಗೆದು ಮುರಿದು, ಕೈ ಎತ್ತಿ, ಎದೆಯ ಮಟ್ಟಕ್ಕೆ ಬರುತ್ತಲೇ ನಿಲ್ಲಿಸಿದರು. ಈ ಸಲ ನೆನಪಾಗಿತ್ತು. ಅಪ್ಪನ ಅಂಗೈಗೆ ಹಾಕಲು ಕೈಯನ್ನು ಕೆಳಗೆ ತಂದರು.

ಅಪ್ಪ ಅಂಗೈ ಚಾಚಿದ್ದರು. ಅದನ್ನು ಹಿಂದಕ್ಕೆ ತೆಗೆದುಕೊಂಡರು. ಕತ್ತು ಸ್ವಲ್ಪ ಮುಂದೆ ಬಗ್ಗಿಸಿ, ಕಣ್ಣು ಮುಚ್ಚಿ, ಬಾಯಿ ತೆರೆದರು.

ಯಜಮಾನರ ತುಪ್ಪದ ಬೆರಳು ಅಪ್ಪನ ತುಟಿಗೆ ತಾಗಿದ್ದನ್ನು ನಾನು ಕಣ್ಣಾರೆ ಕಂಡೆ. ಅಪ್ಪ ನಿಧಾನವಾಗಿ ಅಗಿದರು, ನುಂಗಿದರು. ನಲ್ಲಿಯ ಕಡೆ ಹೋಗಿ ಬಾಯಿ ಮುಕ್ಕಳಿಸುತ್ತಾರೆ ಎಂದು ಕಾದೆ. ಹೋಗಲಿಲ್ಲ. ಹೆಗಲ ಮೇಲಿನ ಟವೆಲಿನಿಂದ ಮೀಸೆ ಒರೆಸಿಕೊಂಡರು. ಸೂರತ್ತಿನ ಗಾಡಿ ಬಂತು, ಯಜಮಾನರು ಹತ್ತಿದರು. ಪೆಟ್ಟಿಗೆ ನಮ್ಮ ಕೈಗೆ ಬಂತು. ಒಪ್ಪಿಗೆಯ ಬಗ್ಗೆ ಯಾರೂ ಏನೂ ಕೇಳಲಿಲ್ಲ, ಅಪ್ಪನೂ ಏನೂ ಹೇಳಲಿಲ್ಲ.

ನಮ್ಮ ಗಾಡಿ ಹೊರಟ ಮೇಲೂ ಹೇಳಲಿಲ್ಲ. ಕ್ಷಮೆ ಕೇಳುವುದು ಬೇರೆ, ಮಗಳನ್ನು ಕೊಡುವುದು ಬೇರೆ ಎಂದು ನನಗೂ ತಿಳಿದಿತ್ತು. ಪೆಟ್ಟಿಗೆ ಮಡಿಲಲ್ಲಿಟ್ಟುಕೊಂಡು ಕೂತಿದ್ದೆ. ಬೆಳಗಿನಿಂದ ನಾನೂ ಸರಿಯಾಗಿ ಉಂಡಿರಲಿಲ್ಲ, ಆದರೆ ಹಸಿವು ಎಲ್ಲಿಗೋ ಹೋಗಿತ್ತು. ಹೆದರಿಕೆ ಮಾತ್ರ ಇತ್ತು. ಅಪ್ಪ ಕಿಟಕಿಯ ಆಚೆ ಒಣಗಿದ ಹತ್ತಿಯ ಹೊಲ ನೋಡುತ್ತಿದ್ದರು. ಗಾಡಿ ಮಹಿ ನದಿಯ ಸೇತುವೆಗೆ ಬಂತು.

"ಊಟ ಚೆನ್ನಾಗಿತ್ತು," ಎಂದರು.

ನನಗೆ ಸ್ಪಷ್ಟವಾಗಿ ಕೇಳಿಸಿತ್ತು. ಆದರೂ ಸೇತುವೆಯ ಸದ್ದಿನ ನೆಪ ಮಾಡಿ, "ಏನಂದ್ರಿ ಅಪ್ಪ?" ಎಂದೆ.

ಅಪ್ಪ ಕಿಟಕಿ ಬಿಟ್ಟು ನನ್ನ ಕಡೆ ತಿರುಗಿದರು. ನನ್ನ ಕಣ್ಣಲ್ಲಿ ನೀರು ನೋಡಿದರು.

"ಊಟ ಚೆನ್ನಾಗಿತ್ತು ಕಣಮ್ಮ," ಎಂದು ಇನ್ನೊಂದು ಸಲ ಹೇಳಿದರು.